ಬಿಸಿಯಾಗ್ಲಿ ಬುಡಿ

ತಿಪಟೂರಿನ ಕೊಬ್ಬರಿ ಮಂಡಿಗಳ ಹಿಂದಿನ ಬೀದಿಯಲ್ಲಿ ಅವರ ರೇಡಿಯೋ ರಿಪೇರಿ ಅಂಗಡಿಯಿತ್ತು. ಊರಿಗೆಲ್ಲ ಅವರು ರೇಡಿಯೋ ಭಾಯ್. ಹಳೇ ರೇಡಿಯೋಗಳೊಳಗೆ ಬಲ್ಬಿನಂತೆ ಕಾಯುವ ವಾಲ್ವು ಹೊಸದಾಗಿ ಎಲ್ಲೂ ಸಿಗದ ಆ ಕಾಲದಲ್ಲಿ, ಕೆಟ್ಟ ರೇಡಿಯೋಗಳಿಂದ ಬಿಚ್ಚಿದ ಗಾಜಿನ ವಾಲ್ವುಗಳನ್ನು ತೆಂಗಿನ ನಾರಿನಲ್ಲಿ ಸುತ್ತಿ ಬಿಸ್ಕತ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಒಂದನ್ನು ಸಿಕ್ಕಿಸಿ ಸ್ವಿಚ್ ಹಾಕಿದರೆ, "ಬಿಸಿಯಾಗ್ಲಿ ಬುಡಿ" ಎಂದು ಕೈಕಟ್ಟಿ ಕೂರುವರು. ಆಮೇಲೆ ಪೆನ್ಸಿಲಿನಿಂದ ವಾಲ್ವನ್ನು ಮೆಲ್ಲಗೆ ತಟ್ಟುತ್ತ ನಮ್ಮ ಮುಖವನ್ನೇ ನೋಡುವರು. ಅದು ಗಿರಾಕಿಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದೆ.

ಅಪ್ಪ ತೀರಿಕೊಂಡ ಮೇಲೆ ಒಂದು ದಿನ ಅಪ್ಪನ ರೇಡಿಯೋ ಹೊತ್ತುಕೊಂಡು ಅಲ್ಲಿಗೆ ಹೋದೆ. ಅದರಲ್ಲಿ ಬರುವ ಮಾತಿನ ಹಿಂದೆ ಒಂದೇ ಸಮ ಗುಂಯ್‌ಗುಡುತ್ತಿತ್ತು. ಭಾಯ್ ಎರಡು ವಾಲ್ವು ಬದಲಿಸಿದರೂ ಅದು ಹೋಗಲಿಲ್ಲ. ಅವರಿಗೆ ಇನ್ನೂ ಕಷ್ಟ ಕೊಡಲಾರದೆ, "ಈಗ ಸರಿಯಾಯ್ತು ಭಾಯ್" ಎಂದುಬಿಟ್ಟೆ.

ಅವರು ನಕ್ಕರು. "ಸುಳ್ಳು ಯಾಕಮ್ಮಾ ಹೇಳ್ತೀರಾ? ನಿಮ್ಮ ಬಾಯಿ ಸರಿ ಅಂತೈತೆ, ಹುಬ್ಬು ಇಲ್ಲ ಅಂತೈತೆ. ನಂಗೆ ಕಿವಿ ಹೋಗಿ ಎಷ್ಟೋ ವರ್ಷ ಆಯ್ತು ಕಣ್ರೀ. ಗಿರಾಕಿ ಮುಖ ನೋಡ್ಕಂಡೇ ನಾನು ರಿಪೇರಿ ಮಾಡೋದು."

ಡಬ್ಬಿಯಿಂದ ಇನ್ನೊಂದು ವಾಲ್ವು ತೆಗೆದು ಸಿಕ್ಕಿಸಿದರು. "ಬಿಸಿಯಾಗ್ಲಿ ಬುಡಿ."

ಗಾಜಿನೊಳಗಿನ ತಂತಿ ನಿಧಾನವಾಗಿ ಕೆಂಪಾಯಿತು. ಗುಂಯ್ ಅಡಗಿ, ಅಪ್ಪ ದಿನವೂ ಕೇಳುತ್ತಿದ್ದ ಕೃಷಿ ಕಾರ್ಯಕ್ರಮದ ಮಾತು ತಿಳಿಯಾಗಿ ಬಂತು. ಸರಿಯಾಯಿತು ಎನ್ನಲು ತಲೆಯೆತ್ತಿದೆ.

ಭಾಯ್ ಆಗಲೇ ಹಿಂದಿನ ಮುಚ್ಚಳಕ್ಕೆ ಸ್ಕ್ರೂ ತಿರುಗಿಸುತ್ತಿದ್ದರು.