ಅಕ್ಕನ ಕಣ್ಣಿನ ಮೇಲಿನ ತುಂಡು

ನನ್ನ ಕೆಲಸ ಕಣ್ಣಿನ ಒಳಗಿನ ಫೋಟೊ ತೆಗೆಯುವುದು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕಿಗೆ ನಮ್ಮ ಆಸ್ಪತ್ರೆಯ ವ್ಯಾನು ಸರದಿಯಂತೆ ಹೋಗುತ್ತದೆ. ಅದರ ಹಿಂಭಾಗದಲ್ಲಿ ಕಪ್ಪು ಪರದೆ ಕಟ್ಟಿದ ಕತ್ತಲೆ ಗೂಡು. ಅಲ್ಲಿ ನಾನು, ನನ್ನ ಕ್ಯಾಮೆರಾ, ಗಲ್ಲವನ್ನು ಪಟ್ಟಿಯ ಮೇಲೆ ಊರಿ ಕುಳಿತ ಒಬ್ಬ ರೋಗಿ. ಮುಂದೆ ನಮ್ಮ ಡ್ರೈವರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಅವರು ನಾಲ್ಕೂ ತಾಲ್ಲೂಕಿಗೆ ಡಂಗುರ ಸಾರಿದ್ದಾರೆ. ಸುಳ್ಳೇನಲ್ಲ. ಸವಣೂರಿನಲ್ಲಿ ಬಾಯಿ ತುಂಬ ಎಲೆ ಅಡಿಕೆ ತುಂಬಿಕೊಂಡು ಬಂದು ಗಲ್ಲದ ಪಟ್ಟಿಯನ್ನೆಲ್ಲ ಕೆಂಪು ಮಾಡಿ ಹೋಗುವವರಿಗೆ ಆರತಿ ಎತ್ತಲೇನು?

ಕ್ಯಾಮೆರಾ ಕಣ್ಣಿನ ಒಳಪರದೆಯನ್ನು ಒಂದೇ ಸಲಕ್ಕೆ ಪೂರ್ತಿ ನೋಡಲಾರದು. ಬಾಗಿಲ ಸಂದಿಯಿಂದ ಕೋಣೆ ಇಣುಕಿದ ಹಾಗೆ, ಒಂದು ಸಲಕ್ಕೆ ಒಂದಿಷ್ಟೇ ಜಾಗ. ಅದಕ್ಕಾಗಿ ಒಳಗೆ ಸಣ್ಣದೊಂದು ಹಸಿರು ದೀಪವಿದೆ. ಅದನ್ನು ಮಧ್ಯದಲ್ಲಿ, ಬಲಕ್ಕೆ, ಎಡಕ್ಕೆ, ಕೆಳಗೆ, ಕೊನೆಗೆ ಮೇಲೆ ಹೊತ್ತಿಸುತ್ತೇನೆ. ದೀಪ ಇದ್ದ ಕಡೆ ಕಣ್ಣು ಹೊರಳುತ್ತದೆ, ಆ ಕಡೆಯ ಚಿತ್ರ ಸಿಗುತ್ತದೆ. ಆಮೇಲೆ ಕಂಪ್ಯೂಟರು ರಕ್ತನಾಳಗಳ ಗೆರೆಗೆ ಗೆರೆ ಕೂಡಿಸಿ ಎಲ್ಲ ತುಂಡುಗಳನ್ನೂ ಒಂದು ಅಗಲವಾದ ಚಿತ್ರ ಮಾಡುತ್ತದೆ. ಹುಬ್ಬಳ್ಳಿಯಲ್ಲಿ ಕುಳಿತ ಡಾಕ್ಟರಮ್ಮ ನೋಡುವುದು ಅದನ್ನೇ. ಯಾವ ತುಂಡು ಸಿಗಲಿಲ್ಲವೋ ಅಷ್ಟು ಜಾಗ ಕಪ್ಪಗೆ ಉಳಿಯುತ್ತದೆ.

ನಮ್ಮ ಕಡೆ ಕಪ್ಪಗೆ ಉಳಿಯುವುದು ಹೆಚ್ಚಾಗಿ ಮೇಲಿನ ತುಂಡು. ಯಾಕೆಂದರೆ ಇಲ್ಲಿನ ಹೆಂಗಸರು ದೀಪ ಹೊತ್ತಿದ ಕೂಡಲೇ ಕೈಮುಗಿದು ಕಣ್ಣು ಮುಚ್ಚುತ್ತಾರೆ. ಎಣ್ಣೆಯ ದೀಪಕ್ಕಷ್ಟೇ ಅಲ್ಲ, ಬಲ್ಬಿನ ಗುಂಡಿ ಒತ್ತಿದರೂ ಮುಗಿಯುತ್ತಾರೆ, ಹೋದ ಕರೆಂಟು ಬಂದರೂ ಮುಗಿಯುತ್ತಾರೆ. ಪಕ್ಕದಲ್ಲೋ ಕೆಳಗೋ ಹೊತ್ತಿದರೆ ಹೇಗೋ ಸುಮ್ಮನಿರುತ್ತಾರೆ. ಕತ್ತಲೆಯಲ್ಲಿ, ಗೋಡೆಯ ಮಾಡದಲ್ಲಿಟ್ಟ ದೀಪದ ಎತ್ತರಕ್ಕೆ ಬೆಳಕು ಕಂಡಿತೋ, ಕೈ ತಾವಾಗಿಯೇ ಏಳುತ್ತವೆ, ರೆಪ್ಪೆ ಮುಚ್ಚುತ್ತದೆ. ನನಗೆ ಸಿಗುವುದು ರೆಪ್ಪೆಯ ಫೋಟೊ. ಗೊಟಗೋಡಿಯ ಒಬ್ಬ ಅಜ್ಜಿಗೆ, "ಯವ್ವಾ, ಅದು ದೇವರಲ್ಲ, ಮಷೀನ್ ಐತಿ!" ಅಂತ ಒದರಿದೆ. "ಇರ್ಲಿ ಬಿಡವ್ವ, ಬೆಳಕ ಕೊಡತೈತಲ್ಲ," ಅಂತ ಅಜ್ಜಿ ಇನ್ನೊಮ್ಮೆ ಮುಗಿದಳು.

ನನ್ನ ಅಕ್ಕನೂ ಇದೇ ಜಾತಿಯವಳು. ನಾವಿಬ್ಬರೂ ಹುಟ್ಟಿ ಬೆಳೆದದ್ದು ಆಡೂರಿನಲ್ಲಿ. ಅವಳನ್ನು ಕೊಟ್ಟದ್ದು ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಿಗೆ. ಅಲ್ಲಿ ಅಕ್ಕ ಮತ್ತು ಅವಳ ಗಂಡ ಬೀಜಕ್ಕೆಂದು ಹತ್ತಿ ಬೆಳೆಯುತ್ತಾರೆ. ಅದರ ಕೆಲಸ ಬಲು ಸೂಕ್ಷ್ಮ. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಹೆಬ್ಬೆರಳಿನ ಉಗುರಿನಿಂದ ಸೀಳಿ, ಒಳಗಿನ ಗಂಡುಭಾಗ ಬಿಡಿಸಿ ತೆಗೆದು, ಗುರುತಿಗೆ ಕೆಂಪು ಹಾಳೆ ತೊಡಿಸಬೇಕು. ಮರುದಿನ ಬೆಳಿಗ್ಗೆ ಬೇರೆ ಸಾಲಿನ ಗಂಡು ಹೂವನ್ನು ತಂದು ಅದಕ್ಕೆ ಸವರಬೇಕು. ಇದಕ್ಕೆ ಅಲ್ಲಿ ಕ್ರಾಸಿಂಗ್ ಅನ್ನುತ್ತಾರೆ. ಹಂಗಾಮಿನಲ್ಲಿ ಅಕ್ಕ ಹೆಬ್ಬೆರಳಿನ ಉಗುರನ್ನು ಉದ್ದಕ್ಕೆ ಬಿಡುತ್ತಾಳೆ. ಆ ದಿನಗಳಲ್ಲಿ ಅವಳನ್ನು ಮಾತಾಡಿಸಬೇಕೆಂದರೂ ಹತ್ತಿ ಸಾಲಿನಲ್ಲೇ ನಿಂತು ಮಾತಾಡಿಸಬೇಕು.

ಒಂದು ವರ್ಷ ಕ್ರಾಸಿಂಗ್ ನಡುವೆಯೇ ಅವಳು ಹಿರೇಕೆರೂರಿನ ನಮ್ಮ ಕ್ಯಾಂಪಿಗೆ ಬಂದಳು. ಬಂದವಳ ಮುಖದಲ್ಲಿ ನನಗೆ ಉಪಕಾರ ಮಾಡಲು ಬಂದ ಕಳೆ.

"ಬಲಗಣ್ಣಾಗ ನುಸಿ ಹಾರಿದಂಗ ಆಗತೈತಿ. ಹೂವಿನ ಪುಡಿ ಬಿದ್ದಿರಬೇಕು. ಜಲ್ದಿ ನೋಡಿ ಕಳಸು," ಅಂದಳು.

ಪಾಪೆ ಹಿಗ್ಗಲು ಹನಿ ಹಾಕಿದೆ. ಆ ಹನಿ ಹಾಕಿದರೆ ಸಂಜೆಯತನಕ ಹತ್ತಿರದ್ದು ಮಂಜು ಮಂಜು. ಅದನ್ನು ಹೇಳಿದ್ದೇ ತಡ, "ಮದ್ಲ ಹೇಳಾಕ ಏನಾಗಿತ್ತು? ಸಂಜಿಗೆ ಮೊಗ್ಗಿ ಹೆಂಗ ಬಿಡಸಲಿ?" ಅಂತ ನನ್ನ ಮೇಲೆ ಹರಿಹಾಯ್ದಳು. ಫೋಟೊ ತೆಗೆಯುವಾಗ ಮೇಲಿನ ದೀಪ ಹೊತ್ತಿಸಿದೆ; ಕೈಮುಗಿದು ಕಣ್ಣು ಮುಚ್ಚಿದಳು. ಬೈದೆ. ಮತ್ತೆ ಹೊತ್ತಿಸಿದೆ, ಮತ್ತೆ ಮುಚ್ಚಿದಳು. "ಸಾಕ ಬಿಡ, ಇಷ್ಟ ತಗದೀಯಲ್ಲ," ಅಂತ ಎದ್ದೇಬಿಟ್ಟಳು.

ಡಾಕ್ಟರಮ್ಮನ ವರದಿ ಅಂದೇ ಫೋನಿಗೆ ಬಂತು. ಕಾಣುವಷ್ಟು ಭಾಗ ಸರಿಯಿದೆ, ಮೇಲಿನ ಭಾಗ ಕಂಡಿಲ್ಲ, ಬೇಗ ಮತ್ತೆ ತೆಗೆದು ಕಳಿಸಿ ಎಂದಿತ್ತು. ಅಕ್ಕನಿಗೆ ಫೋನು ಮಾಡಿ ಓದಿ ಹೇಳಿದೆ. ಅವಳ ಕಿವಿಗೆ ಹೋದದ್ದು ಸರಿಯಿದೆ ಅನ್ನುವುದೊಂದೇ. "ನಾ ಹೇಳಿದ್ದಿಲ್ಲ? ಪುಡಿ ಅದು," ಅಂತ ಫೋನು ಇಟ್ಟಳು.

ಮರುದಿನ ಶಿಗ್ಗಾಂವಿಯ ಕ್ಯಾಂಪಿನಲ್ಲಿ ಕೈ ಬಿಡುವಾದಾಗಲೆಲ್ಲ ಅವಳ ಕಣ್ಣಿನ ಚಿತ್ರ ತೆರೆದು ನೋಡಿದೆ. ಕಿತ್ತಳೆ ಬಣ್ಣದ ಅಗಲವಾದ ಕಣ್ಣು, ಮೇಲ್ಗಡೆ ಮಾತ್ರ ಕಪ್ಪು. ಕಣ್ಣಿನಲ್ಲಿ ಹೊಸದಾಗಿ ನುಸಿ ಹಾರಿದರೆ ಒಳಪರದೆ ಎಲ್ಲಾದರೂ ಹರಿದಿರಬಹುದು. ಹರಿದಲ್ಲಿ ನೀರು ಇಳಿದರೆ ಪರದೆಯೇ ಬಿಚ್ಚಿಕೊಂಡು ಬರುತ್ತದೆ, ಆ ಕಣ್ಣು ಹೋಗುತ್ತದೆ. ಹರಕು ಬಹಳ ಸಲ ಮೇಲ್ಭಾಗದಲ್ಲೇ ಆಗುವುದು. ಇದು ಗೊತ್ತಿದ್ದೂ ಸುಮ್ಮನೆ ಕೂರುವುದು ಹೇಗೆ? ಮತ್ತೆ ಫೋನು ಮಾಡಿದೆ.

"ಮಿಂಚು ಹೊಡದಂಗ ಏನರ ಆಗತೈತೇನು?"

"ಮುಂಜಾನಿಂದ ಒಂದೆರಡ ಸಲ ಆತು. ಮಳಿ ಬರತೈತಿ ಅನ್ಕೊಂಡೆ."

ಮಿಂಚು ಕಂಡರೆ ಒಳಪರದೆ ಜಗ್ಗುತ್ತಿದೆ ಅಂತ ಲೆಕ್ಕ. "ಅಕ್ಕಾ, ಇವತ್ತ ಹುಬ್ಬಳ್ಳಿಗೆ ನಡಿ. ನಾನೂ ಬರ್ತೇನಿ."

"ಹುಚ್ಚಿ ಅದೀಯೇನ? ಹೂ ನನ್ನ ಸಲುವಾಗಿ ಕಾಯ್ತಾವೇನು? ಹೊಲದ ತುಂಬ ಮೊಗ್ಗಿ ನಿಂತಾವ. ಕ್ರಾಸಿಂಗ್ ಮುಗೀಲಿ, ನೀ ಕರದಲ್ಲಿಗೆ ಬರ್ತೇನಿ."

"ಅಷ್ಟರಾಗ ಕಣ್ಣ ಹೋದ್ರ?"

"ಡಾಕ್ಟರ್ ಚಲೋ ಐತಿ ಅಂದಾರ. ನೀ ಅವರಿಗಿಂತ ದೊಡ್ಡಾಕಿ ಆಗೀಯೇನ?"

ತಲೆ ಕೆಟ್ಟು ಮೊಸರುಗಡಿಗೆ ಆಯಿತು. ಇವಳು ಬಾಯಿಮಾತಿಗೆ ಬಗ್ಗುವವಳಲ್ಲ, ಕಣ್ಣಿಗೆ ಕಾಣುವಂಥದ್ದು ಏನಾದರೂ ತೋರಿಸಬೇಕು ಅಂತ ಗೊತ್ತಾಯಿತು. ಡಾಕ್ಟರಮ್ಮನಿಗೆ ಫೋನು ಮಾಡಿ ವಿಷಯ ತಿಳಿಸಿದೆ. ನಾಳೆಯ ಕ್ಯಾಂಪಿಗೆ ಮೊದಲು ಚಿಕ್ಕೇರೂರಿಗೆ ಹೋಗಿ, ತಡ ಮಾಡಬೇಡಿ ಅಂದರು. ಡ್ರೈವರು ಎಷ್ಟು ಸುತ್ತಾಗುತ್ತದೆ ಅಂತ ಗೊಣಗಿದರು. ನನ್ನ ಮುಖ ನೋಡಿ ಗೊಣಗುವುದನ್ನು ಬಿಟ್ಟರು.

ನಾವು ಮುಟ್ಟುವ ಹೊತ್ತಿಗೆ ಬೆಳಗಿನ ಹೂ ಸವರುವ ಕೆಲಸ ಮುಗಿದು ಹೆಂಗಸರು ಬದುವಿನ ಮೇಲೆ ರೊಟ್ಟಿ ಬಿಚ್ಚಿ ಕುಳಿತಿದ್ದರು. ರಸ್ತೆಯ ಅರ್ಧಕ್ಕೆ ಯಾರೋ ಗೋವಿನಜೋಳ ಒಣಹಾಕಿದ್ದರು. ಉಳಿದರ್ಧದಲ್ಲಿ ವ್ಯಾನು ನಿಲ್ಲಿಸಿದೆವು. ವ್ಯಾನು ನೋಡಿ ಅಕ್ಕನ ಮುಖ ಕೆಂಪಾಯಿತು.

"ದಂಡ ತಗೊಂಡ ಬಂದೀಯಲ್ಲ! ಆ ಹನಿ ಮತ್ತ ಹಾಕಿದೀ ಅಂದ್ರ ಸಂಜಿ ಕೆಲಸ ಹಾಳು."

"ಹಾಳಾಗ್ಲಿ. ಒಂದ ಸಂಜಿ ಹಾಳಾಗ್ಲಿ. ಕುಂದ್ರು."

ನಾನು ಅಷ್ಟು ಜೋರಾಗಿ ಒದರಿದ್ದಕ್ಕೆ ಬದುವಿನ ಮೇಲಿದ್ದವರೆಲ್ಲ ರೊಟ್ಟಿ ಕೈಯಲ್ಲೇ ಹಿಡಿದು ವ್ಯಾನಿನ ಬಾಗಿಲಿಗೆ ಬಂದು ನಿಂತರು. ಅಕ್ಕನ ಗಂಡ ಬಹಳ ಮಾತಿನವನಲ್ಲ. "ಕುಂದ್ರ ಅಂತಾಳಲ್ಲ, ಕುಂದ್ರು," ಎಂದಷ್ಟೇ ಅಂದ. ಅಕ್ಕ ಕುಳಿತಳು.

ಹನಿ ಹಿಡಿದ ಮೇಲೆ ಮೇಲಿನ ದೀಪ ಹೊತ್ತಿಸಿದೆ. ಕೈ ಎದ್ದವು, ಕಣ್ಣು ಮುಚ್ಚಿದವು. ಮೊದಲೇ ಕೈ ಮುಗಿದುಬಿಡು ಅಂದೆ, ಮುಗಿದಳು. ದೀಪ ಆರಿಸಿ ಮತ್ತೆ ಹೊತ್ತಿಸಿದರೆ ಮತ್ತೆ ಅದೇ ಕಥೆ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೋ ಅಂದೆ. ಅಲ್ಲಿಂದಲೂ ಎಳೆದುಕೊಂಡು ಮುಗಿದಳು. "ಬೇಕಂತ ಮಾಡಾಕತ್ತಿಲ್ಲ, ನಿನ್ನಾಣಿ," ಅಂದಾಗ ಅವಳ ದನಿ ಅಳುವ ಹಾಗಿತ್ತು. ನನ್ನ ಒಂದು ಕೈ ಕ್ಯಾಮೆರಾದ ಮೇಲೆ, ಇನ್ನೊಂದು ಅವಳ ರೆಪ್ಪೆಯ ಮೇಲೆ. ಮೂರನೆಯ ಕೈ ಎಲ್ಲಿಂದ ತರಲಿ?

"ಮಾಮಾ, ಒಳಗ ಬರ್ರಿ. ಈಕಿ ಕೈ ಎರಡೂ ಗಟ್ಟಿ ಹಿಡಕೋರಿ."

ಆತ ಬಾಗಿಲಲ್ಲಿ ನಿಂತ ಹೆಂಗಸರ ಕಡೆ ನೋಡಿದ, ನನ್ನ ಕಡೆ ನೋಡಿದ. ಮಂದಿ ಎದುರು ಹೆಂಡತಿಯ ಕೈ ಹಿಡಿಯುವುದು ನಮ್ಮಲ್ಲಿ ಸುಮ್ಮನೆ ಆಗುವ ಮಾತಲ್ಲ. ಕೊನೆಗೆ ತಲೆ ಬಗ್ಗಿಸಿ ಒಳಗೆ ಬಂದು ಸ್ಟೂಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಹಿಡಿದ.

ಹೊರಗೆ ನಗೆಯೋ ನಗೆ. "ಅಯ್ಯ, ಲಗ್ನದಾಗ ಹಿಡದಿದ್ದ ಕೈ ಇವತ್ತ ಹಿಡದಾನ ನೋಡ್ರೇ!" ಅಂದಳು ಒಬ್ಬಳು. "ಬಿಡಬ್ಯಾಡ್ರಿ ಗೌಡ್ರ, ಓಡಿ ಹೋಗ್ಯಾಳು," ಅಂದಳು ಇನ್ನೊಬ್ಬಳು. ಅಕ್ಕನಿಗೂ ನಗೆ ಬಂದು ಗಲ್ಲ ಅಲುಗಿತು. "ನಗಬ್ಯಾಡ, ಸುಡುಗಾಡ, ಅಲಗಾಡಬ್ಯಾಡ!" ಅಂತ ಅವಳನ್ನೂ ಹೊರಗಿದ್ದವರನ್ನೂ ಸೇರಿಸಿ ಬೈದು ದೀಪ ಹೊತ್ತಿಸಿದೆ. ಕೈಗಳು ಗಂಡನ ಕೈಯೊಳಗೇ ಎಳೆದಾಡಿದವು. ಕಣ್ಣು ಮುಚ್ಚಲಿಲ್ಲ. ಮೇಲೆ ನೋಡಿತು. ತೆಗೆದೆ.

ಕಂಪ್ಯೂಟರು ತುಂಡುಗಳನ್ನು ಕೂಡಿಸುವಾಗ ಒಂದು ಗಳಿಗೆ ಹಿಡಿಯುತ್ತದೆ. ಕಪ್ಪು ಜಾಗ ತುಂಬಿಕೊಂಡು ಬಂತು. ಅದರೊಳಗೆ, ಸಾಕಷ್ಟು ಮೇಲೆ, ಕುದುರೆಯ ಲಾಳದ ಆಕಾರದ ಒಂದು ಹರಕು. ಅದು ಅಲ್ಲಿ ಇರದೇ ಇರಲಿ ಅಂತ ಮನಸ್ಸಿನಲ್ಲಿ ಎಷ್ಟು ಬೇಡಿಕೊಂಡಿದ್ದೆನೋ.

ಕಂಪ್ಯೂಟರಿನ ಪರದೆಯನ್ನು ಅಕ್ಕನ ಕಡೆ ತಿರುಗಿಸಿದೆ. ಹನಿಯಿಂದ ಅವಳಿಗೆ ಹತ್ತಿರದ್ದು ಮಂಜಾಗಿತ್ತು. ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದಳು. "ಅವ್ವನ ಕೌದಿ ಹರದಂಗ ಐತಲ್ಲ," ಅಂದಳು. ಆಮೇಲೆ, "ಇದು ನನ್ನ ಕಣ್ಣೇನು?" ಅಂತ ಕೇಳಿದಳು.

"ನಿಂದ. ಇವತ್ತ ಹೋದ್ರ ಸುತ್ತಲೂ ಬೆಸಗಿ ಹಾಕ್ತಾರ. ಬಿಟ್ರ ಎಲ್ಲಾ ಬಿಚ್ಚತೈತಿ."

ಅವಳು ಹೊಲದ ಕಡೆ ತಿರುಗಿದಳು. ಹತ್ತಿ ಸಾಲುಗಳು ಅಲ್ಲೇ ಇದ್ದವು. ಬಾಗಿಲಲ್ಲಿ ನಕ್ಕಿದ್ದ ಹೆಂಗಸರಲ್ಲೇ ಒಬ್ಬಳು, "ನೀ ಹೋಗಕ್ಕ. ನಿನ್ನ ಸಾಲ ನಾವು ಬಿಡಸ್ತೇವಿ," ಅಂದಳು. ಗಂಡ ಅಕ್ಕನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಅವರಿಬ್ಬರಿಗೂ ಅದು ಲಕ್ಷ್ಯದಲ್ಲಿ ಇದ್ದಂತಿರಲಿಲ್ಲ. ಊರವನೊಬ್ಬನ ಕಾರಿನಲ್ಲಿ ಇಬ್ಬರೂ ಹುಬ್ಬಳ್ಳಿಗೆ ಹೊರಟರು. ನಾನು ಕ್ಯಾಂಪಿಗೆ ಹೋದೆ. ಆ ದಿನ ಯಾರಿಗೆ ಏನು ಬೈದೆನೋ ನೆನಪಿಲ್ಲ.

ಸಂಜೆ ಡಾಕ್ಟರಮ್ಮ ಫೋನು ಮಾಡಿದರು. ಹರಕಿನ ಅಂಚಿನಲ್ಲಿ ನೀರು ಇಳಿಯಲು ಶುರುವಾಗಿತ್ತು, ಲೇಸರ್‌ನಿಂದ ಸುತ್ತಲೂ ಬೆಸುಗೆ ಹಾಕಿದ್ದೇವೆ, ಹಿಡಿಯುತ್ತದೆ ಅನಿಸುತ್ತದೆ, ಮುಂದಿನ ವಾರ ಮತ್ತೆ ನೋಡಬೇಕು ಅಂದರು. ಅನಿಸುತ್ತದೆ ಅನ್ನುವ ಮಾತು ನನಗೆ ಸೇರಲಿಲ್ಲ. ಆದರೂ ಥ್ಯಾಂಕ್ಸ್ ಹೇಳಿದೆ.

ಮರುದಿನ ಕೆಲಸ ಮುಗಿಸಿ ಚಿಕ್ಕೇರೂರಿಗೆ ಹೋದೆ. ಅಕ್ಕ ಮನೆಯಲ್ಲೇ ಇದ್ದಳು. ಭಾರ ಎತ್ತಬೇಡ ಅಂತ ಡಾಕ್ಟರು ಹೇಳಿದ್ದರು. ಕೊಡ ಎತ್ತಿದರೆ ಕಾಲು ಮುರಿಯುತ್ತೇನೆ ಅಂತ ನಾನು ಹೇಳಿದೆ. ಹೆಬ್ಬೆರಳಿನ ಉದ್ದ ಉಗುರನ್ನು ಸವರುತ್ತ, ಹೊಲದಲ್ಲಿ ಯಾರು ಯಾವ ಸಾಲು ಕೆಡಿಸುತ್ತಿರಬಹುದು ಅಂತ ಒಬ್ಬೊಬ್ಬರ ಹೆಸರು ಹಿಡಿದು ಹೇಳುತ್ತಿದ್ದಳು. ಆಗ ನನಗೆ ಸ್ವಲ್ಪ ಸಮಾಧಾನವಾಯಿತು.

ಹೊತ್ತು ಮುಳುಗಿದ ಮೇಲೆ ಅವಳೇ ಎದ್ದು ಮಾಡದಲ್ಲಿ ದೀಪ ಹಚ್ಚಿದಳು. ಕೈ ಮುಗಿದಳು. ಕಣ್ಣು ಮುಚ್ಚಲಿಲ್ಲ. ದೀಪವನ್ನೇ ದಿಟ್ಟಿಸಿ ನಿಂತಿದ್ದಳು.

"ಈಗ ಯಾಕ ಮುಚ್ಚವಲ್ಲಿ? ಅವತ್ತ ಮುಚ್ಚಬ್ಯಾಡ ಅಂದ್ರ ಕೇಳಲಿಲ್ಲ," ಅಂತ ಕಾಡಿಸಲು ಹೋದೆ.

ಅವಳು ನನ್ನ ಕಡೆ ತಿರುಗಲಿಲ್ಲ. "ಧೈರ್ಯ ಆಗವಲ್ದು," ಅಂದಳು. "ಮುಚ್ಚಿ ತಗದಾಗ ದೀಪ ಕಾಣದಿದ್ರ?"

ನನ್ನ ಅಕ್ಕ ಅಂಜಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹತ್ತಿರ ಹೋಗಿ ಅವಳ ಭುಜಕ್ಕೆ ಭುಜ ಕೊಟ್ಟು ನಿಂತೆ.

"ಮುಚ್ಚು. ನಾ ನೋಡಕೋತ ನಿಂತಿರ್ತೇನಿ."

ಮುಚ್ಚಿದಳು. ಒಳಗೆ ಗಂಡ ದನಕ್ಕೆ ಹಿಂಡಿ ಕಲಸುತ್ತಿದ್ದ ಸಪ್ಪಳ ಕೇಳುತ್ತಿತ್ತು. ನಾನು ದೀಪವನ್ನು ನೋಡದೆ ಅವಳ ರೆಪ್ಪೆಗಳನ್ನೇ ನೋಡುತ್ತಿದ್ದೆ. ಅಕ್ಕ ಮೊದಲು ಬಲಗಣ್ಣೊಂದನ್ನೇ ತೆರೆದು ಮೇಲೆ ನೋಡಿದಳು.

"ಐತಿ," ಅಂದಳು.