ಆಕ್ಟಿವ್, ಪ್ಯಾಸಿವ್ ಮತ್ತು ನನ್ನ ಮೊಣಕೈ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಬರೀ ಗಾದೆ ಎಂದುಕೊಂಡಿದ್ದೆ. ಈಗ ಅದು ನನ್ನ ದಿನನಿತ್ಯದ ಊಟದ ವರದಿ.

ಕಲಬುರ್ಗಿಯ ಸೂಪರ್ ಮಾರ್ಕೆಟ್‌ನಲ್ಲಿ ಸೀರೆ ಅಂಗಡಿಯ ಮೆಟ್ಟಿಲು ಇಳಿಯುತ್ತ ಬಿದ್ದೆ. (ಸೀರೆ ಕೊಂಡಿರಲಿಲ್ಲ. ನೂರು ಸೀರೆ ಬಿಚ್ಚಿಸಿ ನೋಡಿದ್ದೆ, ಅಷ್ಟೆ.) ಬಲ ಮೊಣಕೈ ಫ್ರ್ಯಾಕ್ಚರ್. ಎಲುಬು ಜರುಗಿಲ್ಲ, ಆಪರೇಷನ್ ಬೇಡ ಎಂದು ಡಾಕ್ಟರು ಮೂರು ವಾರ ಪ್ಲಾಸ್ಟರ್ ಹಾಕಿದರು. ಬಿಚ್ಚಿದ ದಿನ ಕೈ ಕೋಲಿನಂತೆ ಸೆಟೆದಿತ್ತು.

"ಇನ್ನ ಮೂವ್‌ಮೆಂಟ್ ಶುರು ಮಾಡ್ರಿ ಮೇಡಂ. ಓನ್ಲಿ ಆಕ್ಟಿವ್. ನೋ ಪ್ಯಾಸಿವ್. ತಿಳೀತೇನ್ರಿ?"

ತಿಳಿಯದೇ? ಕಾನ್ವೆಂಟಿನಲ್ಲಿ ಕಲಿತವಳಿಗೆ! "ಆಫ್‌ಕೋರ್ಸ್, ಡಾಕ್ಟರ್" ಎಂದೆ. ಆಕ್ಟಿವ್ ಎಂದರೆ ಚುರುಕಾಗಿ, ಪ್ಯಾಸಿವ್ ಎಂದರೆ ಸುಮ್ಮನೆ ಕೂರುವುದು. ಇದನ್ನೂ ಕೇಳಬೇಕೆ?

ಆರೈಕೆಗೆಂದು ಕಮಲಾಪುರದ ನಾದಿನಿಯ ಮನೆಗೆ ಹೋದೆ. ಪಾಪ, ಮೂರನೇ ಇಯತ್ತೆ ಓದಿದವಳು. ನನಗೆ ತುತ್ತು ಮಾಡಿ ಉಣ್ಣಿಸುತ್ತಲೇ ಕೇಳಿದಳು: "ಡಾಕ್ಟ್ರು ಏನಂದಾರ್ರಿ, ವೈನಿ?"

"ಕೈ ಆಕ್ಟಿವ್ ಆಗಿ ಮಡಚಬೇಕಂತ."

"ಯಾರು ಮಡಚಬೇಕಂತ? ನೀವೋ, ನಾವೋ?"

"ಯಾರು ಮಡಚಿದ್ರೇನ? ಕೈ ಮಡಚಿದ್ರ ಆತು!"

ಅವಳು ಎಣ್ಣೆ ಕಾಯಿಸಿ, ತಿಕ್ಕಿ, ಸೆರಗು ಸಿಕ್ಕಿಸಿಕೊಂಡು ಮಡಚಿದಳು. ನಾನು ಚೀರಿದೆ. "ಮೂರು ಹಡದೀರಿ, ಇದಕ್ಕ ಇಷ್ಟ್ಯಾಕ ಒದರ್ತೀರಿ?" ಎಂದಳು. ಎಂಟು ದಿನ ಹೀಗೇ. ಮೊಣಕೈ ಬದನೆಕಾಯಿಯಂತೆ ಉಬ್ಬಿತು. ಬಾಯಿಗೂ ಕೈಗೂ ಒಂದು ಗೇಣು ಅಂತರ, ಅದು ಕಡಿಮೆಯಾಗಲೇ ಇಲ್ಲ. ಉಳಿದ ಆಯುಷ್ಯವೆಲ್ಲ ಇನ್ನೊಬ್ಬರ ಕೈತುತ್ತೇ ಗತಿಯೆ? ಹೆದರಿ ಕಲಬುರ್ಗಿಗೆ ಓಡಿದೆ.

"ಯಾರು ತಿಕ್ಕಿದ್ರು?" ಡಾಕ್ಟರು ಸಿಡುಕಿದರು. "ಮೊಣಕೈ ಭಾಳ ಸಿಟ್ಟಿನ ಸಂದು, ಮೇಡಂ. ತಿಕ್ಕಿ ಜಗ್ಗಿದಷ್ಟೂ ಬಿಗೀತದ. ಆಕ್ಟಿವ್ ಅಂದ್ರ ನಿಮ್ಮ ಕೈ ನೀವ ಮಡಚೂದು. ಪ್ಯಾಸಿವ್ ಅಂದ್ರ ಇನ್ನೊಬ್ರು ಮಡಚಿ ಕೊಡೂದು."

ಆಕ್ಟಿವ್ ವಾಯ್ಸಿನಲ್ಲಿ ಕೆಲಸ ಮಾಡುವವನೇ ಸಬ್ಜೆಕ್ಟ್! ಕಾನ್ವೆಂಟಿನ ಇಂಗ್ಲಿಷ್ ಕ್ಲಾಸಿನಲ್ಲಿ ಸಿಸ್ಟರ್ ಇದನ್ನೇ ನನ್ನಿಂದ ಬೋರ್ಡಿನ ಮೇಲೆ ಬರೆಸುತ್ತಿದ್ದರು. ಆಗ ಕೈ ಎಷ್ಟು ಸಲೀಸಾಗಿ ಮೇಲೇಳುತ್ತಿತ್ತು. ವ್ಯಾಕರಣವೇ ಗೊತ್ತಿಲ್ಲದ ನಾದಿನಿ ಕೇಳಿದ್ದೂ ಅದನ್ನೇ ಅಲ್ಲವೆ: ಯಾರು?

ಈಗ ದಿನಕ್ಕೆ ನಾಲ್ಕು ಸಲ, ನೋವು ತಡೆದುಕೊಳ್ಳಲು ಆಗುವಷ್ಟು, ನಾನೇ ಮಡಚುತ್ತೇನೆ. ಗೇಣು ಕರಗಿ ಎರಡು ಬೆರಳಿಗೆ ಬಂದಿದೆ. ಅದು ಪೂರಾ ಹೋಗುವ ಗ್ಯಾರಂಟಿ ಇಲ್ಲವಂತೆ. ನಿನ್ನೆ ನಾದಿನಿಯ ಎದುರು ಕೂತು, ಆ ಎರಡು ಬೆರಳಿನಷ್ಟು ಬಗ್ಗಿ, ನನ್ನ ತುತ್ತು ನಾನೇ ಉಂಡೆ.

ಕೈ ಬಗ್ಗದಿದ್ದರೆ ತಲೆಯಾದರೂ ಬಗ್ಗಬೇಕಲ್ಲವೆ?