ಬ್ಯಾರನ್ ಪಕ್ಕ ಕೂತು ಕೇಳಿದ ಪಾಡ್‌ಕಾಸ್ಟ್

ಯಾರ ಕೈಯಲ್ಲಾದರೂ ಹೊಸ ಫೋನ್ ಕಂಡರೆ ಈಯಮ್ಮ ಅದಕ್ಕೆ ಪಾಡ್‌ಕಾಸ್ಟ್ ತುಂಬಿಸಿಬಿಡುತ್ತಾಳೆ ಎಂದು ನಮ್ಮ ಶಾಲೆಯ ಮೇಷ್ಟ್ರುಗಳು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಹಾರನಹಳ್ಳಿ ಕಡೆಯಿಂದ ಪಿರಿಯಾಪಟ್ಟಣದ ಶಾಲೆಗೆ ಪಾಠ ಮಾಡಲು ದಿನಾ ಬಸ್ಸಿನಲ್ಲಿ ಹೋಗಿ ಬರುವವಳು ನಾನು. ಕಿಟಕಿ ಪಕ್ಕ ಸೀಟು ಸಿಕ್ಕಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆನೆಂದರೆ ಆ ಹೊತ್ತು ಪೂರ್ತಿ ನನ್ನದು. ಇರುವೆಗಳು ದಾರಿ ಹೇಗೆ ಹಿಡಿಯುತ್ತವೆ, ಒಂದು ಭಾಷೆ ಮಾತಾಡುವ ಕೊನೆಯ ಮನುಷ್ಯ ಸತ್ತರೆ ಏನೇನು ಸಾಯುತ್ತದೆ, ನಮ್ಮ ನೆನಪುಗಳಲ್ಲಿ ನಿಜವೆಷ್ಟು ಕಟ್ಟಿಕೊಂಡಿದ್ದೆಷ್ಟು, ಇಂಥವೆಲ್ಲ ನನಗೆ ಇಷ್ಟ. ಮೊದಲ ಐದು ನಿಮಿಷ ತಮ್ಮತಮ್ಮಲ್ಲೇ ನಗಾಡಿಕೊಂಡು ಕೂರುವವರನ್ನು ಕಂಡರೆ ಆಗದು. ಯಶಸ್ಸಿಗೆ ಹತ್ತು ಸೂತ್ರ ಹೇಳುವವರ ದನಿ ಕೇಳಿಸಿದ ಕೂಡಲೇ ಬೆರಳು ತಾನಾಗಿ ಮುಂದಿನದಕ್ಕೆ ಹೋಗುತ್ತದೆ.

ಈ ಕುತೂಹಲ ನನಗೆ ಅಪ್ಪನಿಂದ ಬಂದದ್ದು. ಅವರಿಗೆ ಓದು ಬರಹ ಇಲ್ಲ. ಆದರೆ ಅವರಷ್ಟು ಪ್ರಶ್ನೆ ಕೇಳುವ ಮನುಷ್ಯನನ್ನು ನಾನು ಇನ್ನೂ ಕಂಡಿಲ್ಲ. ಚಿಕ್ಕಂದಿನಲ್ಲಿ ನಾನು ಪಾಠ ಓದುತ್ತಿದ್ದರೆ ಪಕ್ಕದಲ್ಲಿ ಕೂತು, ಭೂಮಿ ತಿರುಗಿದರೆ ಬಾವಿ ನೀರು ಯಾಕೆ ಚೆಲ್ಲುವುದಿಲ್ಲ ಎಂದು ಕೇಳಿ ನನ್ನನ್ನು ಅಳಿಸಿದ್ದರು. ನನ್ನನ್ನು ಕೊಟ್ಟಿರುವುದು ಅದೇ ಊರಿಗೆ, ಮೂರು ಬೀದಿ ಆಚೆಗೆ. ಹಾಗಾಗಿ ಆ ಪ್ರಶ್ನೆಗಳು ಮದುವೆಯಾದ ಮೇಲೂ ತಪ್ಪಲಿಲ್ಲ.

ಅಪ್ಪನಿಗೆ ಊರಲ್ಲಿದ್ದ ಗೌರವ ಮಾತ್ರ ಬೇರೆಯದು. ನಮ್ಮ ಕಡೆ ಹೊಗೆಸೊಪ್ಪು ಬೆಳೆಯುವವರ ಮನೆಗೆಲ್ಲ ಒಂದೊಂದು ಬ್ಯಾರನ್ ಇರುತ್ತದೆ, ಹಸಿ ಎಲೆಯನ್ನು ಬೇಯಿಸಿ ಒಣಗಿಸುವ ಎತ್ತರದ ಮನೆ. ಕೋಲುಗಳಿಗೆ ಎಲೆ ಕಟ್ಟಿ ಒಳಗೆ ಸಾಲುಸಾಲಾಗಿ ನೇತುಹಾಕುತ್ತಾರೆ. ಹೊರಗಿನ ಒಲೆಯ ಶಾಖ ನೆಲದ ಮೇಲಿನ ದಪ್ಪ ತಗಡಿನ ಕೊಳವೆಗಳಲ್ಲಿ ಹರಿಯುತ್ತದೆ. ಐದಾರು ದಿನದ ಕೆಲಸ. ಕೊನೆಯ ದಿನ ಶಾಖ ಜೋರಿರುತ್ತದೆ, ಎಲೆ ಗರಿಗರಿಯಾಗಿರುತ್ತದೆ. ಆಗ ಒಂದು ಕೋಲು ಜಾರಿ ಕಾದ ಕೊಳವೆಯ ಮೇಲೆ ಬಿದ್ದರೆ ಮುಗಿಯಿತು, ಇಡೀ ಬ್ಯಾರನ್ ಹೊತ್ತಿಕೊಳ್ಳುತ್ತದೆ. ಗೋಡೆಯ ಗಾಜಿನ ಕಿಂಡಿಯಲ್ಲಿ ಎಲ್ಲವೂ ಕಾಣುವುದಿಲ್ಲ. ಬಿದ್ದ ಸದ್ದು ಕೇಳಬೇಕು, ಕೇಳಿದ ಕೂಡಲೇ ಒಲೆಯ ಬೆಂಕಿ ಹೊರಗೆಳೆಯಬೇಕು. ಅಪ್ಪ ಗೋಡೆಗೆ ಬೆನ್ನು ಕೊಟ್ಟು ಕೂತರೆ ಒಂದು ಎಲೆ ಉದುರಿದ್ದೂ ತಿಳಿಯುತ್ತಿತ್ತು. ಕೊನೆಯ ದಿನ ತಮ್ಮ ಬ್ಯಾರನ್ ಪಕ್ಕ ಬಂದು ಕೂರಿ ಎಂದು ಅಕ್ಕಪಕ್ಕದವರು ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಹೋಗುವಾಗ ಅವರು ಮದುವೆಗೆ ಹೊರಟವರ ಹಾಗೆ ಒಗೆದ ಪಂಚೆ ಉಡುತ್ತಿದ್ದರು.

ಇಂಥವರಿಗೆ ಪಾಡ್‌ಕಾಸ್ಟ್ ಕೇಳಿಸದೆ ಇನ್ಯಾರಿಗೆ ಕೇಳಿಸಲಿ ಎಂದು ಹೋದ ವರ್ಷ ಒಂದು ಸಂಜೆ ಅವರ ಕಿವಿಗೆ ಇಯರ್‌ಫೋನ್ ಇಟ್ಟೆ. ನಕ್ಷತ್ರಗಳ ವಯಸ್ಸಿನ ಬಗ್ಗೆ ಕನ್ನಡದಲ್ಲಿ ಚೆನ್ನಾಗಿ ಹೇಳುವ ಒಂದು ಸಂಚಿಕೆ. ಅಪ್ಪ ಸ್ವಲ್ಪ ಹೊತ್ತು ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದು, ಕಿತ್ತು ನನ್ನ ಕೈಗಿಟ್ಟರು. ಬರೀ ವಟವಟ, ಇದನ್ನೇನು ಕೇಳುತ್ತೀಯ ಎಂದರು. ನನಗೆ ಬೇಜಾರಾಯಿತು. ಇನ್ನೊಂದು ದಿನ ಬೇರೆಯದನ್ನು ಹಾಕಿಕೊಟ್ಟೆ, ಅದಕ್ಕೂ ಅದೇ ಮಾತು. ವಯಸ್ಸಾದ ಮೇಲೆ ಈ ಮನುಷ್ಯನಿಗೆ ಯಾವುದರಲ್ಲೂ ಆಸೆ ಉಳಿದಿಲ್ಲ ಎಂದು ತವರಿನಲ್ಲಿ ಅತ್ತಿಗೆಯ ಹತ್ತಿರ ಚಾಡಿ ಹೇಳಿ, ಕೇಳಿಸುವುದನ್ನು ನಿಲ್ಲಿಸಿಬಿಟ್ಟೆ.

ಸೊಪ್ಪು ಬೇಯಿಸುವ ಕಾಲದಲ್ಲಿ ಭಾನುವಾರಗಳು ನನಗೆ ತವರಿನಲ್ಲೇ ಕಳೆಯುತ್ತವೆ. ಅಂಥ ಒಂದು ಭಾನುವಾರ ಮಧ್ಯಾಹ್ನ ಅಣ್ಣ ಒಲೆಗೆ ಸೌದೆ ತುಂಬಿ, ಬ್ಯಾರನ್ ನೋಡಿಕೊಳ್ಳಿ ಎಂದು ನನಗೂ ಅಪ್ಪನಿಗೂ ಹೇಳಿ ಊಟಕ್ಕೆ ಹೋದ. ಕೊನೆಯ ದಿನ. ಅಪ್ಪ ಎಂದಿನಂತೆ ಗೋಡೆಗೆ ಒರಗಿದ್ದರು. ಅವರಿದ್ದಾರಲ್ಲ ಎಂದು ನಾನು ಇಯರ್‌ಫೋನ್ ಹಾಕಿಕೊಂಡೆ. ಆ ದಿನದ ಸಂಚಿಕೆ ಎಷ್ಟು ಚೆನ್ನಾಗಿತ್ತೆಂದರೆ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದೆ. ಯಾರೋ ಭುಜ ಹಿಡಿದು ಅಲ್ಲಾಡಿಸಿದಾಗ ಕಣ್ಣು ಬಿಟ್ಟರೆ ಅತ್ತಿಗೆ. ಹಿತ್ತಲಲ್ಲಿದ್ದವಳಿಗೆ ಸುಟ್ಟ ವಾಸನೆ ಬಡಿದು ಓಡಿಬಂದಿದ್ದಳು. ಗಾಜಿನ ಕಿಂಡಿಯಲ್ಲಿ ಕೆಂಪಗೆ ಕಾಣುತ್ತಿತ್ತು. ಅಪ್ಪ ಆಗಷ್ಟೇ ಎದ್ದು ನಿಂತಿದ್ದರು.

ಅಣ್ಣ ತುತ್ತು ಬಿಟ್ಟು ಬಂದ. ಅಕ್ಕಪಕ್ಕದವರೂ ಬಂದರು. ಗಾಳಿಯಾಡದಂತೆ ಮೇಲಿನ ಕಿಂಡಿಗಳನ್ನು ಮುಚ್ಚಿ, ಒಲೆಯ ಕೊಳ್ಳಿಗಳನ್ನು ಹೊರಗೆಳೆದು, ಮೋಟರಿನ ಪೈಪಿನಿಂದ ನೀರು ಹೊಡೆದರು. ಬ್ಯಾರನ್ ಉಳಿಯಿತು. ಕೆಳಗಿನ ಸಾಲುಗಳ ಸೊಪ್ಪು ಸುಟ್ಟು ಕರಕಲಾಗಿತ್ತು, ಮೇಲಿನದಕ್ಕೆ ನೀರು ಬಿದ್ದಿತ್ತು. ಅಣ್ಣ ಎಲ್ಲರ ಎದುರೇ ನನಗೆ ಬೈದ. ಮೇಷ್ಟ್ರಮ್ಮನಿಗೆ ಕಿವಿಯಲ್ಲಿ ಲೋಕವೆಲ್ಲ ಕೇಳಿಸುತ್ತದಂತೆ, ಪಕ್ಕದ ಬ್ಯಾರನ್ ಮಾತ್ರ ಕೇಳಿಸುವುದಿಲ್ಲವಂತೆ ಎಂದ. ತಪ್ಪು ನನ್ನದೇ. ಆದರೂ ಒಳಗೊಳಗೇ ಅಪ್ಪನ ಮೇಲೆ ಸಿಟ್ಟು ಕುದಿಯುತ್ತಿತ್ತು. ಅಲ್ಲೇ ಕೂತಿದ್ದರಲ್ಲ, ನಾನೂ ತೂಕಡಿಸಿದೆ ಎಂದು ಒಂದು ಮಾತು ಹೇಳಬಾರದೆ? ಅವರು ತಲೆ ತಗ್ಗಿಸಿ ಒದ್ದೆ ಬೂದಿಯನ್ನು ಕೋಲಿನಿಂದ ಕೆದಕುತ್ತಿದ್ದರು.

ನಾಲ್ಕು ದಿನ ನಾನು ಆ ಕಡೆ ಹೋಗಲಿಲ್ಲ. ಐದನೆಯ ದಿನ ಶಾಲೆಯಿಂದ ಬರುತ್ತಾ, ಸಿಟ್ಟು ಇಳಿದಿರದಿದ್ದರೂ, ತವರಿಗೆ ಹೋದೆ. ಅಪ್ಪ ಜಗಲಿಯ ಮೇಲಿದ್ದರು, ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಕೆಳಗಿನ ಬೀದಿಯ ಹುಡುಗ, ಮೊನ್ನೆ ಮೊನ್ನೆ ಹೊಸದಾಗಿ ಬ್ಯಾರನ್ ಕಟ್ಟಿಸಿದವನು, ಅಪ್ಪನ ಎದುರು ಕೂತಿದ್ದ. ನಾಳೆ ಅವನ ಬ್ಯಾರನ್ನಿನ ಬೇಯಿಸುವಿಕೆಗೆ ಕೊನೆಯ ದಿನವಂತೆ. ಅಪ್ಪ ಬಂದು ಕೂತರೆ ತನಗೆ ಧೈರ್ಯ ಎಂದು ಅವರ ಮುಖವನ್ನೇ ನೋಡುತ್ತಾ ಎರಡು ಸಲ ಹೇಳಿದ. ಅವನ ಕಣ್ಣಿಗೆ ತಪ್ಪು ನನ್ನದು, ಅಪ್ಪ ಇನ್ನೂ ಹಳೆಯ ಅಪ್ಪನೇ. ಒಗೆದ ಪಂಚೆ ಉಟ್ಟು ಹೋದರೆ ಸಾಕಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ಅಪ್ಪ ಹೇಳಿದರು:

"ಬ್ಯಾಡ ಕಣಪ್ಪ. ನಂಗೆ ಕಿವಿ ಕೇಳಕ್ಕಿಲ್ಲ. ಎಲ್ಡ್ ವರ್ಸ ಆಯ್ತು. ಅವತ್ತು ಕೋಲು ಬಿದ್ದಿದ್ದು ನಂಗೂ ಕೇಳ್ನಿಲ್ಲ. ಮಗಳ ಮ್ಯಾಲೆ ಆಕ್ಬುಟ್ಟು ಸುಮ್ಕಿದ್ದೆ."

ಆ ಹುಡುಗ ನನ್ನ ಮುಖ ನೋಡಿದ. ಎರಡು ವರ್ಷ ಈ ಮನುಷ್ಯ ನಮ್ಮ ತುಟಿ ನೋಡಿಕೊಂಡು, ಅಂದಾಜಿನ ಮೇಲೆ ತಲೆಯಾಡಿಸಿಕೊಂಡು ಬದುಕಿದ್ದರು. ಬ್ಯಾರನ್ ಪಕ್ಕ ಕೂರುವಾಗೆಲ್ಲ ನಮ್ಮಲ್ಲಿ ಯಾರಾದರೂ ಜೊತೆಗಿರುವಂತೆ ನೋಡಿಕೊಳ್ಳುತ್ತಿದ್ದರು. ಆ ಭಾನುವಾರ ನಾನು ಅವರ ಕಿವಿಯನ್ನು ನಂಬಿದ್ದೆ, ಅವರು ನನ್ನ ಕಿವಿಯನ್ನು ನಂಬಿದ್ದರು. ಇಯರ್‌ಫೋನಿನಲ್ಲಿ ಅವರಿಗೆ ಕೇಳಿಸಿದ್ದು ನಿಜವಾಗಿಯೂ ವಟವಟ ಸದ್ದಷ್ಟೇ ಎಂದು ಆಗ ಗೊತ್ತಾಯಿತು. ಅವರಿಗೆ ಆಸೆ ಉಳಿದಿಲ್ಲ ಎಂದು ಅತ್ತಿಗೆಯ ಮುಂದೆ ಆಡಿದ್ದು ನೆನೆದು ನಾಚಿಕೆಯಾಯಿತು.

ಹುಡುಗ ಎದ್ದು ಹೋದ. ಅಣ್ಣ ದನಗಳ ಕಡೆ ನಡೆದ. ನಾನು ಅಪ್ಪನ ಪಕ್ಕ ಕೂತೆ. ಅವರು, ಅವತ್ತು ಅಷ್ಟು ಮೈಮರೆತು ಏನು ಕೇಳುತ್ತಿದ್ದೆ ಎಂದು ಕೇಳಿದರು. ಕಾಗೆಗಳ ವಿಷಯ ಎಂದೆ. ಕೇಳಿಸಲಿಲ್ಲ. ಅವರ ಮುಖದ ಎದುರು ತಿರುಗಿ ಕೂತು, ಇಡೀ ಬೀದಿಗೆ ಕೇಳುವಂತೆ ಹೇಳಿದೆ: ಕಾಗೆಗಳು ತಮಗೆ ತೊಂದರೆ ಕೊಟ್ಟ ಮನುಷ್ಯರ ಮುಖವನ್ನು ನೆನಪಿಟ್ಟುಕೊಳ್ಳುತ್ತವಂತೆ, ವರ್ಷಗಳಾದರೂ ಗುರುತು ಹಿಡಿಯುತ್ತವಂತೆ, ಜೊತೆಯ ಕಾಗೆಗಳಿಗೂ ತೋರಿಸಿಕೊಡುತ್ತವಂತೆ. ಕಷ್ಟದ ಮಾತುಗಳನ್ನೆಲ್ಲ ಬಿಡಿಸಿ ಬಿಡಿಸಿ ಹೇಳಬೇಕಾಯಿತು. ಹಾಗೆ ಹೇಳುವಾಗ, ನನಗೇ ಅರ್ಥವಾಗಿರದ ಎಷ್ಟೋ ಸಂಗತಿ ಅರ್ಥವಾಯಿತು. ಎದುರು ಮನೆಯ ಹೆಂಗಸು ಹೊಸ್ತಿಲಿಗೆ ಬಂದು ನಿಂತು ಕೇಳಿದಳು.

ಅಪ್ಪ ಕಣ್ಣು ಕಿರಿದು ಮಾಡಿ ಯೋಚಿಸಿದರು. ಬಹಳ ದಿನದ ಮೇಲೆ ಅವರ ಮುಖದಲ್ಲಿ ಆ ಹಳೆಯ ಪ್ರಶ್ನೆಯ ಕಳೆ ಬಂದಿತ್ತು.

"ಅಂಗಾರೆ, ತೊಂದ್ರೆ ಕೊಟ್ಟೋನು ಆಮ್ಯಾಕೆ ಒಳ್ಳೇನಾದ್ರೆ? ಆಗ ಮರೀತದಾ?"

ಕೇಳುತ್ತಿದ್ದದ್ದು ಅಷ್ಟಕ್ಕೇ ನಿಂತಿತ್ತು ಎಂದು ಕೂಗಿ ಹೇಳಿದೆ, ಅಷ್ಟರಲ್ಲಿ ಬೆಂಕಿ ಬಿದ್ದಿತ್ತು. ಅಪ್ಪ ನನ್ನ ಮುಖ ನೋಡದೆ, ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು.

"ಪೂರಾ ಕೇಳ್ಕೊಂಡು ಬಂದು ಯೋಳವ್ವ. ನಾನು ತಿಳ್ಕೋಬೇಕು."